ವ್ಯಾಜವಿರಾಮಮೀಮಾಂಸೆ: ಗೌಡಗೆರೆ–ಮಧುಗಿರಿ ಪಾದಪಥ ಪ್ರಕರಣ

1. ವಿಷಯ. ಶಿರಾ ತಾಲ್ಲೂಕಿನ ಗೌಡಗೆರೆಯಿಂದ ಹೊರಟು ಮಧುಗಿರಿಯ ಏಕಶಿಲಾದುರ್ಗದ ನೆತ್ತಿಯಲ್ಲಿ ಪರ್ಯವಸಾನ ಹೊಂದುವ ಪಾದಪಥವು ಈ ನೂತನ ಶಾಸ್ತ್ರದ ಆಶ್ರಯಭೂಮಿ. ಇದರ ಪ್ರತಿಪಾದ್ಯ ನಡಿಗೆಯಲ್ಲ, ನಡಿಗೆಯ ಅಭಾವ. ಪಥಿಕನು ನಿಂತದ್ದೇಕೆ, ನಿಂತದ್ದಕ್ಕೆ ಕೊಟ್ಟ ಕಾರಣವೇನು, ಇವೆರಡರ ಅಂತರವೆಷ್ಟು ಎಂಬ ತ್ರಿಪ್ರಶ್ನೆಗೆ ಉತ್ತರಿಸುವ ಗ್ರಂಥ ಈವರೆಗೆ ರಚಿತವಾಗಿಲ್ಲ. ದುರ್ಗಗಳ ಕುರಿತು ಬರೆದವರು ಕಲ್ಲನ್ನು ಅಳೆದರು, ಏದುಸಿರನ್ನು ಅಳೆಯಲಿಲ್ಲ.

2. ಲಕ್ಷಣ. ಶ್ವಾಸಕೃಚ್ಛ್ರದಿಂದ ಜನಿಸಿ, ಅನ್ಯಹೇತುವಿನ ರೂಪದಲ್ಲಿ ಪ್ರಕಟವಾಗುವ ಗತಿನಿರೋಧವೇ ವ್ಯಾಜವಿರಾಮ. ‘ಶ್ವಾಸಕೃಚ್ಛ್ರ’ವನ್ನು ಕೈಬಿಟ್ಟರೆ ‘ಡ್ರೈವರ್ ಟೀಗೆ ಹೋಗವ್ರೆ’ ಎಂದು ಶಿರಾದಲ್ಲಿ ನಿಂತ ಬಸ್ಸಿನಲ್ಲಿ ಅತಿವ್ಯಾಪ್ತಿಯಾಗುತ್ತದೆ. ‘ಅನ್ಯಹೇತು’ವನ್ನು ಕೈಬಿಟ್ಟರೆ ಬರಿದೆ ಸುಸ್ತಾದವನೂ ಒಳಬರುತ್ತಾನೆ, ಅವನನ್ನು ಕೊನೆಯಲ್ಲಿ ವಿಚಾರಿಸಲಾಗುವುದು.

3. ಖಂಡವಿಭಾಗ. (ಅ) ಸಮತಲಖಂಡ: ಗೌಡಗೆರೆ, ಶಿರಾ, ಬಡವನಹಳ್ಳಿ, ಮಧುಗಿರಿ. ಕಡಲೆಕಾಯಿ ಹೊಲ, ನಡುನಡುವೆ ಹುಣಸೆಮರ. ಇಲ್ಲಿ ನೆರಳೇ ಪ್ರತ್ಯಕ್ಷ ಹೇತುವಾದ್ದರಿಂದ ವ್ಯಾಜಕ್ಕೆ ಆಸ್ಪದ ಕಡಿಮೆ. ಈ ಖಂಡವನ್ನು ಬಸ್ಸಿನಲ್ಲಿ ಕ್ರಮಿಸಿದರೂ ಪಾದಯಾತ್ರಾಫಲಕ್ಕೆ ಲೋಪವಿಲ್ಲವೆಂದು ನನ್ನ ಮತ. ಶಿಷ್ಟಾಚಾರವೂ ಇದನ್ನೇ ಸಮರ್ಥಿಸುತ್ತದೆ. (ಆ) ಶಿಲಾಖಂಡ: ಬೆಟ್ಟದ ಬುಡದಿಂದ, ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ನೆತ್ತಿಯವರೆಗೆ. ಮೊದಲು ಮೆಟ್ಟಿಲು, ಬಳಿಕ ಬರಿಯ ಬಂಡೆಯಲ್ಲಿ ಕೊರೆದ ಹೆಜ್ಜೆಗುಳಿ, ಕಡಿದಾದೆಡೆ ಹಿಡಿಯಲು ಕಬ್ಬಿಣದ ಸರಳು. ವ್ಯಾಜವು ಚತುರ್ವಿಧವಾಗಿ ವಿಕಾಸಗೊಳ್ಳುವುದು ಇಲ್ಲಿಯೇ.

4.1 ದೃಶ್ಯವ್ಯಾಜ. ‘ಊರು ನೋಡ್ರೋ, ಎಷ್ಟು ಸಣ್ಣಕ್ಕೆ ಕಾಣ್ತೈತೆ!’ ಸವಿಷಯ, ನಿರ್ವಿಷಯ ಎಂದು ಇದು ಎರಡು ಬಗೆ. ನಿರ್ವಿಷಯದಲ್ಲಿ ಪಥಿಕನ ಮುಖ ಬಂಡೆಯ ಕಡೆಗೇ ಇರುತ್ತದೆ.

4.2 ಪಾದರಕ್ಷಾವ್ಯಾಜ. ಬೂಟುಧಾರಿಯಲ್ಲಿ ಸೂತ್ರಬಂಧನರೂಪ, ಚಪ್ಪಲಿಧಾರಿಯಲ್ಲಿ ‘ಕಲ್ಲು ಸೇರ್ಕೊಂಡೈತೆ’ ಎಂಬ ಶಬ್ದರೂಪ. ಏಕಶಿಲೆಯ ಮೇಲೆ ಬಿಡಿಗಲ್ಲು ಎಲ್ಲಿಂದ ಬಂತೆಂಬುದು ಪೂರ್ವಪಕ್ಷ. ಬುಡದಿಂದ ತಂದದ್ದೆಂಬುದು ಸಿದ್ಧಾಂತ.

4.3 ಇತಿಹಾಸವ್ಯಾಜ. ಇದು ಸರ್ವೋತ್ತಮ, ಇದರಲ್ಲಿ ನಿಂತವನಿಗೆ ಗೌರವವೂ ಲಭಿಸುತ್ತದೆ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಮೊದಲಾದುವು ಇದರ ಸ್ಥಾನಗಳು. ದುರ್ಗಕಾರರು ಶತ್ರುವನ್ನು ತಡೆಯಲೆಂದು ಕಟ್ಟಿದ ಬಾಗಿಲುಗಳು ಪ್ರವಾಸಿಯನ್ನು ಇಂದಿಗೂ ತಡೆಯುತ್ತಿರುವುದು ಅವರ ಶಿಲ್ಪದ ದೃಢತೆಗೆ ಪ್ರಮಾಣ. ವ್ಯಾಜದ ವಸ್ತು ಸಾಮಾನ್ಯವಾಗಿ ಕೆಳದಿಯ ರಾಣಿ ವೀರಮ್ಮಾಜಿ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಆಕೆಯನ್ನು ಈ ಕೋಟೆಯಲ್ಲಿ ಸೆರೆಯಿಟ್ಟ. 1767ರಲ್ಲಿ ಪೇಶ್ವೆ ಮಾಧವರಾಯ ಕೋಟೆ ಹಿಡಿದು ಬಿಡಿಸಿದ. ಚರಿತ್ರೆಯಲ್ಲಿ ಈ ಸೆರೆವಾಸ ನಾಲ್ಕು ವರ್ಷದ್ದು. ಶಿಲಾಖಂಡದಲ್ಲಾದರೋ ಅದರ ಅವಧಿ ವಕ್ತೃವಿನ ಶ್ವಾಸಾಧೀನ: ಉಸಿರು ಹತೋಟಿಗೆ ಬರುವವರೆಗೆ ಪೇಶ್ವೆಯು ಪುಣೆಯಿಂದ ಹೊರಡುವಂತಿಲ್ಲ. ಸ್ಥೂಲಕಾಯರಲ್ಲಿ ಕಥೆಯು 1687ರಲ್ಲಿ ಮೊಗಲರು ಶಿರಾವನ್ನು ಸುಬಾ ಮಾಡಿಕೊಂಡ ಪ್ರಸಂಗದಿಂದಲೇ ಆರಂಭವಾಗುವುದುಂಟು. ಸಂಧ್ಯಾಕಾಲದಲ್ಲಿ ಬೆಟ್ಟ ಹತ್ತುವವರು ಇಂಥವರ ಸಂಗವನ್ನು ವರ್ಜಿಸತಕ್ಕದ್ದು.

4.4 ಪ್ರತೀಕ್ಷಾವ್ಯಾಜ. ‘ಹಿಂದಿನವರು ಬರ್ಲಿ ತಡಿ.’ ಹಿಂದಿನವನು ‘ಮುಂದಿನೋರು ನಿಂತವ್ರೆ, ನಾನೂ ನಿಂತೆ’ ಎಂದರೆ ಅನ್ಯೋನ್ಯಾಶ್ರಯದೋಷ. ಮೂವರಿದ್ದರೆ ಚಕ್ರಕ. ಮದುವೆಗೆ ಬಂದ ನೆಂಟರೆಲ್ಲ ಒಟ್ಟಾಗಿ ಹತ್ತಿದರೆ ಅನವಸ್ಥೆ. ಅಂಥ ಸಮೂಹ ಗೋಪಾಲಕೃಷ್ಣನ ಪಾಳುಗುಡಿಯನ್ನು ಮುಟ್ಟುವುದು ತರ್ಕದಿಂದ ಅಸಾಧ್ಯ. ಆದರೂ ಮುಟ್ಟುತ್ತಾರೆ. ಇಲ್ಲಿ ಪ್ರತ್ಯಕ್ಷವು ಅನುಮಾನಕ್ಕೆ ಬಾಧಕ.

5. ಅಪವಾದ. ಆಡು ಮೇಯಿಸುವವರು ನಿಲ್ಲದೆ ಹತ್ತುವುದರಿಂದ ಶಾಸ್ತ್ರಬಾಹ್ಯರು. ಇನ್ನು ‘ಸುಸ್ತಾಯ್ತು’ ಎಂದು ನೇರವಾಗಿ ಕೂರುವವನು. ವಯಸ್ಕರಲ್ಲಿ ಈ ಪ್ರಭೇದದ ಉದಾಹರಣೆ ನನಗೆ ದೊರೆತಿಲ್ಲ, ಮಕ್ಕಳಲ್ಲಿ ವಿಪುಲ. ಆದರೆ ಹಾಗೆಂದ ಮಗುವನ್ನು ತಂದೆ ಹೆಗಲಿಗೇರಿಸಿಕೊಳ್ಳುತ್ತಾನೆ, ಹತ್ತು ಮೆಟ್ಟಿಲು ನಡೆದು ‘ಮಗೂಗೆ ಸುಸ್ತಾಗೈತೆ’ ಎಂದು ತಾನೇ ನಿಲ್ಲುತ್ತಾನೆ. ಇದು ವಾಹಕವ್ಯಾಜ, ಪಂಚಮ ವರ್ಗ. ಆ ಹೊತ್ತಿಗೆ ಮಗು ಹೆಗಲ ಮೇಲೆ ನಿದ್ದೆಹೋಗಿರುವುದರಿಂದ ಹೇತುವಿಗೆ ಬಾಧೆಯಿಲ್ಲ. ಸಾಕ್ಷಿಯ ಪಾಟೀಸವಾಲಿಗೆ ಮಾತ್ರ ಅವಕಾಶವಿಲ್ಲ.