ಬಣ್ಣದೋಟ ಮತ್ತು ಹೊಸ ಓಟಗಾರನ ಮಾನರಕ್ಷಣೆ: ಒಂದು ಮಲೆನಾಡು ಜಿಜ್ಞಾಸೆ

ಮಲೆನಾಡಿನಲ್ಲಿ ಮನುಷ್ಯ ಓಡುವುದಕ್ಕೆ ಈವರೆಗೆ ಮಾನ್ಯವಾಗಿರುವ ಕಾರಣಗಳು ಮೂರು: ಹೊರಟುಬಿಟ್ಟ ಬಸ್ಸು, ತೋಟಕ್ಕಿಳಿದ ಕಾಡಾನೆ, ಕಣದಲ್ಲಿ ಕಾಫಿ ಹರಡಿದ್ದಾಗ ಬಂದುಬಿಡುವ ಅಕಾಲ ಮಳೆ. ಈ ಮೂರೂ ಇಲ್ಲದೆ ಮೂಡಿಗೆರೆಯ ರಸ್ತೆಯಲ್ಲಿ ಬೆಳಗ್ಗೆ ಆರು ಗಂಟೆಗೆ ಒಬ್ಬ ಓಡುತ್ತಿದ್ದರೆ ಎದುರಿಗೆ ಬಂದ ಜೀಪು ನಿಲ್ಲುತ್ತದೆ, ಒಳಗಿಂದ ‘ಎಂಥದು ಮಾರಾಯ, ಏನಾಯ್ತು?’ ಎಂಬ ಪ್ರಶ್ನೆ ಬರುತ್ತದೆ. ಏನೂ ಆಗಿಲ್ಲ ಎಂದರೆ ಕೇಳಿದವರು ನಂಬುವುದಿಲ್ಲ. ಅಷ್ಟು ಹೇಳಲೂ ಓಡುವವನಲ್ಲಿ ಉಸಿರಿರುವುದಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಏದುಸಿರು ಬಿಡುವವನು ಯಾರೋ ಒಬ್ಬ. ಕಳಸದ ಪೇಟೆಯಲ್ಲಾದರೆ ಅವನು ಇಂಥವರ ಮಗ, ಇಂಥವರ ಅಳಿಯ, ಸೊಸೈಟಿಯಲ್ಲಿ ಇಂತಿಷ್ಟು ಸಾಲ ಉಳಿಸಿಕೊಂಡವನು. ಹೊಸ ಓಟಗಾರನ ಕಷ್ಟ ಕಾಲಿಗಿಂತ ಹೆಚ್ಚಾಗಿ ಮುಖದ್ದು ಎಂಬುದೇ ಪ್ರಸ್ತುತ ಪ್ರಬಂಧದ ಪ್ರಮೇಯ. ಬಣ್ಣದ ಪುಡಿ ಎರಚುವ ಓಟವನ್ನು ಪಂಡಿತರು ಕ್ರೀಡೆಯ ಖಾತೆಯಲ್ಲಿ ಬರೆದು ತಪ್ಪು ಮಾಡಿದ್ದಾರೆ. ಅದು ಮಾನರಕ್ಷಣೆಯ ಖಾತೆಗೆ ಸೇರತಕ್ಕದ್ದು.

ಆಧಾರಗಳನ್ನು ನೋಡೋಣ. ಇಂದಿನ ರೂಪದ ಬಣ್ಣದೋಟ ‘ದ ಕಲರ್ ರನ್’ ಎಂಬ ಹೆಸರಿನಲ್ಲಿ 2012ರಲ್ಲಿ ಅಮೆರಿಕದ ಅರಿಝೋನಾದಲ್ಲಿ ಶುರುವಾಯಿತು. ದೂರ 5 ಕಿಲೋಮೀಟರ್. ಕಿಲೋಮೀಟರಿಗೊಂದು ಬಣ್ಣದ ಕಟ್ಟೆ. ಹೊರಡುವಾಗ ಎಲ್ಲರಿಗೂ ಬಿಳಿ ಅಂಗಿ. ಯಾರು ಎಷ್ಟು ನಿಮಿಷದಲ್ಲಿ ಮುಟ್ಟಿದರೆಂದು ಬರೆದಿಡುವುದಿಲ್ಲ, ಗೆದ್ದವರೆಂಬುವರೂ ಇಲ್ಲ. ಗಡಿಯಾರವನ್ನೇ ಹೊರಗಿಟ್ಟ ಪಂದ್ಯವನ್ನು ಪಂದ್ಯ ಎನ್ನುವುದಾದರೆ ಮದುವೆ ಮೆರವಣಿಗೆಯೂ ಪಂದ್ಯವೇ. ಅದಕ್ಕಿಂತ ಮುಖ್ಯವಾದ ಸಂಗತಿ ಆ ಕಟ್ಟೆಗಳ ಅಂತರದಲ್ಲಿದೆ. ಅಭ್ಯಾಸವಿಲ್ಲದ ದೇಹ ನಿಲ್ಲಬೇಕೆಂದು ಹಟ ಹಿಡಿಯುವ ಹೊತ್ತಿಗೆ ಸರಿಯಾಗಿ ಒಂದು ಕಟ್ಟೆ ಎದುರಾಗುತ್ತದೆ. ಅಲ್ಲಿ ನಿಂತವನನ್ನು ಸುಸ್ತಾದವನೆಂದು ಯಾರೂ ಅನ್ನುವುದಿಲ್ಲ, ಬಣ್ಣ ಹಾಕಿಸಿಕೊಳ್ಳುತ್ತಿದ್ದಾನೆ ಅನ್ನುತ್ತಾರೆ. ಇನ್ನೂ ಹಳೆಯ ಸಾಕ್ಷಿ ಬೇಕೆಂದರೆ ಹದಿನೈದನೇ ಶತಮಾನದ ಆರಂಭದಲ್ಲಿ ವಿಜಯನಗರಕ್ಕೆ ಬಂದಿದ್ದ ಇಟಲಿಯ ನಿಕೊಲೊ ಕೊಂಟಿ ಇದ್ದಾನೆ. ಹಬ್ಬದ ಮೂರು ದಿನ ದಾರಿಯ ಬದಿಯಲ್ಲಿ ಕೇಸರಿ ನೀರು ಇಟ್ಟುಕೊಂಡು ಹಾದುಹೋಗುವವರಿಗೆಲ್ಲ ಎರಚುತ್ತಿದ್ದರು, ರಾಜ ರಾಣಿಯರನ್ನೂ ಬಿಡುತ್ತಿರಲಿಲ್ಲ, ಎಲ್ಲರೂ ನಗುನಗುತ್ತ ಒಪ್ಪಿಕೊಳ್ಳುತ್ತಿದ್ದರು ಎಂದು ಅವನ ವರದಿ. ದಾರಿಬದಿಯ ಬಣ್ಣದ ಕಟ್ಟೆ, ದೊಡ್ಡವರು ಚಿಕ್ಕವರೆಂಬ ಭೇದವಿಲ್ಲದ ಮುಖ, ಎರಡೂ ಆಗಲೇ ಸಿದ್ಧವಿದ್ದವು. ಅರಿಝೋನಾದವರು ಸೇರಿಸಿದ್ದು ಓಟ ಮಾತ್ರ. ಹೊಸಬರು ಎರಡನೇ ಕಿಲೋಮೀಟರಿನಿಂದ ನಡೆಯತೊಡಗಿ ಅದನ್ನೂ ಕಳೆದುಬಿಡುತ್ತಾರೆ.

ಮೊದಲ ಆಕ್ಷೇಪ ಎತ್ತರದ್ದು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಂತೂ ಆಮ್ಲಜನಕ ಸುಮಾರು ಐದರಲ್ಲೊಂದು ಪಾಲು ಕಡಿಮೆ. ಏದುಸಿರಿಗೆ ಈ ನೆಪವೇ ಸಾಕಲ್ಲ, ಬಣ್ಣ ಯಾಕೆ ಎನ್ನಬಹುದು. ಮಂಗಳೂರಿನಿಂದ ಬಂದವರಿಗೆ ಸಾಕು. ಇಲ್ಲೇ ಹುಟ್ಟಿ ಬೆಳೆದವನು ಗಾಳಿಯ ಮೇಲೆ ದೂರು ಹೇಳಿದರೆ ಮನೆಯ ಹೆಂಗಸರೇ ನಗುತ್ತಾರೆ. ಎರಡನೆಯ ಆಕ್ಷೇಪ ಮಲ್ನಾಡ್ ಅಲ್ಟ್ರಾದ್ದು. ಇದೇ ಜಿಲ್ಲೆಯ ಕಾಫಿ ತೋಟಗಳೊಳಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ಓಡುವವರಿದ್ದಾರೆ, ಅವರ ಮುಖಕ್ಕೆ ಯಾರೂ ಚಿಟಿಕೆ ಪುಡಿಯನ್ನೂ ಹಾಕುವುದಿಲ್ಲ. ನಿಜ. ಆದರೆ ಸಿಲ್ವರ್ ಮರದ ಸಾಲಿನ ಮಧ್ಯೆ ಅವರನ್ನು ನೋಡುವವರಾದರೂ ಯಾರು? ಇಂಬಳ. ಅದು ಮುಖ ನೋಡಿ ಹತ್ತುವ ಪ್ರಾಣಿಯಲ್ಲ.

ಮೂರನೆಯ ಆಕ್ಷೇಪ ತೂಕದ್ದು. ಮುಖ ಮರೆಸುವುದೇ ಉದ್ದೇಶವಾದರೆ ನಮ್ಮಲ್ಲಿ ಕೆಸರುಗದ್ದೆ ಓಟ ಇರುವಾಗ ಅರಿಝೋನಾದ ಪುಡಿ ಏಕೆ? ಈ ಆಕ್ಷೇಪವನ್ನು ಪ್ರಬಂಧ ತಲೆಬಾಗಿ ಸ್ವೀಕರಿಸುತ್ತದೆ, ಏಕೆಂದರೆ ಇದರಿಂದ ಪ್ರಮೇಯ ಇನ್ನಷ್ಟು ಗಟ್ಟಿಯಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ನಾಟಿಗೆಂದು ಟಿಲ್ಲರ್ ಹೊಡೆದು ಹದ ಮಾಡಿದ ಗದ್ದೆಯಲ್ಲಿ ಸೀಟಿ ಊದಿದ ಕೂಡಲೇ ನಡೆಯುವುದನ್ನು ಗಮನಿಸಿ. ಮೊದಲ ಹೆಜ್ಜೆಗೆ ಮೀನಖಂಡದವರೆಗೆ ಕಾಲು ಹೂತುಹೋಗುತ್ತದೆ. ಅದನ್ನು ಪಚಕ್ಕನೆ ಕೀಳುವಷ್ಟರಲ್ಲಿ ಇನ್ನೊಂದು ಕಾಲು ಇನ್ನೂ ಆಳಕ್ಕೆ ಇಳಿದಿರುತ್ತದೆ. ದೇಹ ಮಾತ್ರ ಮುಂದಕ್ಕೆ ಹೊರಟಾಗಿದೆ, ಕೈಗಳು ಗಾಳಿಯಲ್ಲಿ ಈಜುತ್ತಿವೆ. ಹತ್ತು ಮಾರು ಹೋಗುವುದರೊಳಗೆ ಮೂವರು ಮಕಾಡೆ ಬಿದ್ದು, ಎದ್ದಾಗ ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮೈಕು ಹಿಡಿದವರು ಅಂದಾಜಿನ ಮೇಲೆ ಹೆಸರು ಕೂಗುತ್ತಾರೆ. ಅಭ್ಯಾಸ ಮಾಡಿ ಬಂದವನು ಮತ್ತು ಹೆಂಡತಿಯ ಒತ್ತಾಯಕ್ಕೆ ಇಳಿದವನು ಇಬ್ಬರೂ ಒಂದೇ ಬಣ್ಣ, ಒಂದೇ ಭಂಗಿ. ಖರ್ಚೂ ಇಲ್ಲ, ಬದುವಿನ ಆಚೆಯ ತೋಡಿಗೆ ಇಳಿದರೆ ಎಲ್ಲ ತೊಳೆದುಹೋಗುತ್ತದೆ.

ಬಣ್ಣದೋಟದಲ್ಲಿ ಎರಚುವ ಕಾರ್ನ್‌ಫ್ಲೋರಿನ ಪುಡಿಗೆ ಈ ಯಾವ ಗುಣವೂ ಇಲ್ಲ. ಮಲೆನಾಡಿನ ತೇವದ ಗಾಳಿ ಮತ್ತು ಹೊಸಬನ ಬೆವರು ಸೇರಿದರೆ ಅದು ಹಿಟ್ಟಾಗಿ ಕುತ್ತಿಗೆಯ ಮಡಿಕೆಗಳಲ್ಲಿ ಕೂರುತ್ತದೆ. ಅಣಕವಲ್ಲದ ಒಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು: ಗಾಳಿಯಲ್ಲಿ ದಟ್ಟವಾಗಿ ಹರಡಿದ ಪಿಷ್ಟದ ಪುಡಿಗೆ ಬೆಂಕಿ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. 2015ರ ಜೂನ್ 27ರಂದು ತೈವಾನಿನ ನೀರಾಟದ ಉದ್ಯಾನವೊಂದರಲ್ಲಿ ಬಣ್ಣ ಎರಚುತ್ತಿದ್ದಾಗ ಹೀಗಾಗಿ ಹದಿನೈದು ಜನ ಸತ್ತರು. ಪುಡಿ ಇರುವಲ್ಲಿ ಬೀಡಿ ಸಿಗರೇಟು, ಪಟಾಕಿ, ಬಿಸಿಯಾಗುವ ದೀಪ ಯಾವುದೂ ಇರಕೂಡದು. ಕೆಸರಿಗೆ ಆ ಭಯವಿಲ್ಲ.

ಕೊನೆಯ ಆಕ್ಷೇಪ ಪ್ರಮೇಯದ ಬುಡಕ್ಕೇ ಕೊಡಲಿ ಹಾಕುವಂಥದ್ದು. ಬಣ್ಣ ಮುಖವನ್ನೇನೋ ಮರೆಸುತ್ತದೆ, ನಾಲಿಗೆಯನ್ನು ಮರೆಸುವುದಿಲ್ಲ. ಪಳಗಿದ ಓಟಗಾರ ಕಟ್ಟೆ ಬಂದಾಗ ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರಾಡಿ ದಾಟಿಬಿಡುತ್ತಾನೆ. ಹೊಸಬನಿಗೆ ಬಾಯಿ ಮುಚ್ಚುವ ಚೈತನ್ಯವಿಲ್ಲ. ಆಯಾ ಕಟ್ಟೆಯ ಬಣ್ಣ ಆಯಾ ಕ್ರಮದಲ್ಲೇ ಒಳಗೆ ಹೋಗಿ ಪದರಪದರವಾಗಿ ಕೂರುತ್ತದೆ. ಮೇಲೆ ಗುಲಾಬಿ, ಕೆಳಗೆ ನೀಲಿ, ತೀರಾ ತಳದಲ್ಲಿ ಹಳದಿ ಕಂಡರೆ ಮೊದಲ ಕಿಲೋಮೀಟರಿನಲ್ಲೇ ಇವನ ಕಥೆ ಮುಗಿದಿತ್ತೆಂದು ಭೂಗರ್ಭಶಾಸ್ತ್ರ ಓದಿದ ಯಾರಾದರೂ ಹೇಳಬಲ್ಲರು. ಉತ್ತರ ಎರಡು. ಒಂದು, ನಾಗರಿಕ ಸಮಾಜದಲ್ಲಿ ಡಾಕ್ಟರನ್ನು ಬಿಟ್ಟು ಬೇರೆ ಯಾರಿಗೂ ನಾಲಿಗೆ ಚಾಚು ಎನ್ನುವ ಅಧಿಕಾರವಿಲ್ಲ. ಎರಡು, ಈ ಜಿಲ್ಲೆಯಲ್ಲಿ ಯಾವ ಕಾರ್ಯಕ್ರಮ ಮುಗಿದರೂ ಕೈಗೆ ಒಂದು ಲೋಟ ಕಾಫಿ ಬರುತ್ತದೆ, ಎರಡು ಗುಟುಕು ಹೋದರೆ ಎಲ್ಲ ಪದರಗಳೂ ಒಂದೇ ಕಂದು ಬಣ್ಣಕ್ಕೆ ತಿರುಗುತ್ತವೆ. ಈ ಕೆಲಸ ಚಹಾದಿಂದಲೂ ಆಗುತ್ತದೆ ಎಂದು ಕೆಳಗೂರಿನ ಚಹಾ ತೋಟದ ಕಡೆಯವರು ವಾದಿಸಬಹುದು. ಬಿಸಿಯಾಗಿದ್ದರೆ ಈ ಪ್ರಬಂಧದ ತಕರಾರೇನಿಲ್ಲ.