ಬಿತ್ತನೆಗಿರಲಿ!

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ತಾರಸಿ ತೋಟದ ರಾಯರೊಬ್ಬರು ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಿಂದಲೋ ಏಜೀಸ್ ಆಫೀಸಿನಿಂದಲೋ ನಿವೃತ್ತರು. ಮನೆ ಬೇರೆ, ಮನೆತನ ಬೇರೆ, ಮಂಕಿ ಟೋಪಿ ಮಾತ್ರ ಒಂದೇ. ಟೊಮೆಟೊ, ಬದನೆ, ಬಸಳೆಗಳನ್ನೆಲ್ಲ ದಾಟಿದ ಮೇಲೆ ಅವರು ಬಂದು ನಿಲ್ಲುವುದು ಸಾಂಬಾರ್ ಈರುಳ್ಳಿಯ ಮುಂದೆ. ಯಾಕೆ ಸಾರ್ ಎಂದರೆ ಕಥೆ 2019ರ ಡಿಸೆಂಬರ್‌ನಿಂದ ಶುರು. ಆಗ ನಗರದಲ್ಲಿ ದಪ್ಪ ಈರುಳ್ಳಿಯೇ ಕೆ.ಜಿ.ಗೆ 200 ರೂಪಾಯಿ ಮುಟ್ಟಿತ್ತು. ‘ಅವತ್ತೇ ತೀರ್ಮಾನ ಮಾಡ್ದೆ, ಇನ್ನು ಮಾರ್ಕೆಟ್ಟಿನ ಹಂಗು ಬೇಡ ಅಂತ.’ ಹಂಗು ಕಳಚಿಕೊಳ್ಳಲು ತಂದ ಗ್ರೋ ಬ್ಯಾಗು, ಕೋಕೋಪೀಟು, ಎರೆಗೊಬ್ಬರ, ಬೇವಿನ ಹಿಂಡಿಗಳ ಖರ್ಚನ್ನು ರಾಯರು ಪೈಸೆ ಬಿಡದೆ ಬರೆದಿಟ್ಟಿದ್ದಾರೆ. ಆ ಪುಸ್ತಕ ಎಲ್ಲಿದೆ ಎಂಬುದು ಹೆಂಡತಿಗೆ ಗೊತ್ತಿಲ್ಲ.

ತೋಟ ನೋಡಲು ಹೋದವರು ಅಪ್ಪಿತಪ್ಪಿ ‘ಇದು ಬೆಂಗಳೂರು ರೋಸ್ ಅಲ್ವಾ ಸಾರ್?’ ಅಂದರೆ ಮುಗಿಯಿತು, ಕಾಫಿ ಅರ್ಧ ಗಂಟೆ ತಡ. ರೋಸ್ ಈರುಳ್ಳಿ ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಬೆಳೆ. 2015ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಮಲೇಷ್ಯಾ, ಸಿಂಗಪುರಕ್ಕೆ ಹಡಗು ಹತ್ತುತ್ತದೆ. ಎಲ್ಲ ಸರಿ, ಆದರೆ ಅದು ಬೀಜದಿಂದ ಬರುವ ಒಂಟಿ ಗೆಡ್ಡೆ. ‘ನಮ್ಮದು ಕೂಡುಕುಟುಂಬ ಸ್ವಾಮಿ! ಒಂದು ಊರಿದರೆ ಬುಡದಲ್ಲಿ ಆರು.’ ಆ ಒಂದನ್ನು ತಂದುಕೊಟ್ಟವರು ಗುಂಡ್ಲುಪೇಟೆಯ ಷಡ್ಡಕ. ಅಲ್ಲಿನ ರೈತರು ಎಕರೆಗಟ್ಟಲೆ ಬೆಳೆದು ತಮಿಳುನಾಡಿಗೂ ಕೇರಳಕ್ಕೂ ಲಾರಿ ತುಂಬುವ ಬೆಳೆಯನ್ನು ರಾಯರು ಹನ್ನೆರಡು ಚೀಲಗಳಲ್ಲಿ ಬೆಳೆದು, ಷಡ್ಡಕನಿಗೇ ಫೋನಿನಲ್ಲಿ ಸಲಹೆ ಕೊಡುತ್ತಾರೆ.

ನಾಟಿಯ ದಿನ ಅವರನ್ನು ನೋಡಬೇಕು. ಗೆಡ್ಡೆಯ ಒಣ ಸಿಪ್ಪೆಯನ್ನು ಉಗುರಲ್ಲಿ ಮೆಲ್ಲಗೆ ಬಿಡಿಸಿ, ಬೇರಿನ ಕಡೆ ಕೆಳಗೆ ಮಾಡಿ, ಹೆಬ್ಬೆರಳಿನಿಂದ ಒತ್ತುತ್ತಾರೆ. ಮೂತಿ ಮಣ್ಣಿನ ಮೇಲೆ ಚೂರು ಕಾಣುತ್ತಿರಬೇಕು. ಆಳಕ್ಕೆ ಹೋದರೆ ಕೊಳೆತೀತು. ಗೆಡ್ಡೆಯಿಂದ ಗೆಡ್ಡೆಗೆ 10 ಸೆಂಟಿಮೀಟರ್. ಅದನ್ನು ಅಳೆಯುವುದು ಮೊಮ್ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲಿನಿಂದ. ಸ್ಕೇಲು ಮಣ್ಣಾಗಿ ಶಾಲೆಯಲ್ಲಿ ಮಗು ಬೈಸಿಕೊಂಡಿದ್ದೂ ಇದೆ.

ಒಂದು ವಾರದಲ್ಲಿ ಕೊಳವೆ ಕೊಳವೆಯಾಗಿ ಹಸಿರು ಎಲೆ ಏಳುತ್ತದೆ. ಅಲ್ಲಿಂದ ರಾಯರ ಕೈಗೆ ತಡೆಯಿಲ್ಲ: ಬೆಳಿಗ್ಗೆ ನೀರು, ಸಂಜೆ ನೀರು, ನೆಂಟರು ಬಂದರೆ ತೋರಿಸಲಿಕ್ಕೆ ಇನ್ನೊಂದು ಸಲ. ಈರುಳ್ಳಿಗೆ ಬೇಕಾದದ್ದು ಬಿಸಿಲು, ಬಸಿದುಹೋಗುವ ಮಣ್ಣು, ಹದವಾದ ತೇವ. ಈ ಮಾತನ್ನು ಎಲ್ಲರಿಗೂ ಬೋಧಿಸುವವರೂ ಅವರೇ. ಅವರ ಬೆಳೆ ಚೆನ್ನಾಗಿ ಬಂದದ್ದು 2024ರ ಬೇಸಿಗೆಯಲ್ಲಿ. ಆ ಮಾರ್ಚ್‌ನಲ್ಲಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಅಕ್ಕಿ ತೊಳೆದ ನೀರಷ್ಟೇ ಕುಡಿದ ಗೆಡ್ಡೆಗಳು ಗುಂಡಗೆ, ಕೆಂಪಗೆ ನಿಂತವು. ಅದರ ಕೀರ್ತಿಯನ್ನು ರಾಯರು ಈಗಲೂ ಬೇವಿನ ಹಿಂಡಿಗೆ ಕೊಡುತ್ತಾರೆ.

ರೋಗರುಜಿನದ ಕಾಲದಲ್ಲಿ ಮನೆಯಲ್ಲಿ ಬೇರೆ ಮಾತಿಲ್ಲ. ಥ್ರಿಪ್ಸ್ ನುಸಿ ರಸ ಹೀರಿ ಎಲೆ ಬೆಳ್ಳಗಾದರೆ ಭೂತಗನ್ನಡಿ ಹಿಡಿದು ಕೂರುತ್ತಾರೆ. ಮೋಡ ಮುಸುಕಿದ ದಿನಗಳಲ್ಲಿ ನೇರಳೆ ಮಚ್ಚೆ ಬಿದ್ದರೆ ಊಟ ಸೇರುವುದಿಲ್ಲ. ಹೆಂಡತಿಯ ಮಂಡಿನೋವಿಗೆ ಇಷ್ಟು ವಿಚಾರಣೆ ನಡೆದದ್ದಿಲ್ಲ ಎಂದು ಆಕೆಯೇ ನೆನೆಸುತ್ತಿರುತ್ತಾರೆ.

ನಿಜವಾದ ತೊಡಕು ಪಂಚಾಂಗದ್ದು. ಜೂನ್ ಮೊದಲಿಗೆ ಊರಿದ ಗೆಡ್ಡೆ ಎಪ್ಪತ್ತು ದಿನಕ್ಕೆ ಎಲೆ ಬಾಗಿಸಿ ಕೊಯ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ಶ್ರಾವಣ. ತೊಂಬತ್ತರ ಅಮ್ಮ ಹೊಸ್ತಿಲಲ್ಲೇ ತಡೆಯುತ್ತಾರೆ: ‘ಈರುಳ್ಳಿ ಒಳಗೆ ತರ್ಬೇಡ್ವೋ!’ ಶ್ರಾವಣ ಕಳೆದರೆ ಗಣೇಶ, ಆಮೇಲೆ ಪಿತೃಪಕ್ಷ, ಅದರ ಬೆನ್ನಿಗೇ ನವರಾತ್ರಿ. ಅಲ್ಲಿಯವರೆಗೆ ಗೊಂಚಲುಗಳು ಮೆಟ್ಟಿಲ ಕೆಳಗಿನ ನೆರಳಿನಲ್ಲಿ ತೂಗುತ್ತಿರುತ್ತವೆ. ದೀಪಾವಳಿಗೆ ಅಡ್ಡಿಯೆಲ್ಲ ಸರಿಯಿತು ಎಂದು ಸೊಸೆ ಬುಟ್ಟಿ ಹಿಡಿದು ಬಂದರೆ, ಗೊಂಚಲಿಗೆ ಅಡ್ಡ ನಿಲ್ಲುವವರು ರಾಯರು.

‘ಅಯ್ಯೋ, ಬೇಡಮ್ಮಾ! ಅದು ಬಿತ್ತನೆಗಿರಲಿ.’

ಲೆಕ್ಕವೂ ಕೈಯಲ್ಲೇ ಇದೆ. ಹತ್ತು ಊರಿದರೆ ಅರವತ್ತು, ಅರವತ್ತು ಊರಿದರೆ ಮುನ್ನೂರ ಅರವತ್ತು, ಮೂರನೇ ಬೆಳೆಗೆ ಎರಡು ಸಾವಿರದ ನೂರ ಅರವತ್ತು. ಚಕ್ರಬಡ್ಡಿಯಲ್ಲಿ ಪಳಗಿದ ಮನುಷ್ಯನಿಗೆ ಅಸಲಿಗೆ ಕೈಹಾಕುವುದು ಪಾಪ. ಒಂದು ಹುಳಿಗೆ ಇಪ್ಪತ್ತು ಗೆಡ್ಡೆ ಹೋದರೆ ಮುಂದಿನ ಬೆಳೆಯಲ್ಲಿ ನೂರಿಪ್ಪತ್ತು ನಷ್ಟ. ಅರ್ಧಕ್ಕರ್ಧ ಕೊಳೆಯುವುದು ಈ ಲೆಕ್ಕದಲ್ಲಿ ಬರುವುದಿಲ್ಲ. ಅಡುಗೆಗೆ ಬೇಕಾದ ಸಾಂಬಾರ್ ಈರುಳ್ಳಿಯನ್ನು ಸೊಸೆ ತಳ್ಳುಗಾಡಿಯವನ ಹತ್ತಿರ ಕೊಳ್ಳುತ್ತಾಳೆ. ‘ರಾಯರ ಮನೇಲೇ ಬೆಳೀತಾರಂತಲ್ಲಮ್ಮಾ’ ಎಂದು ಅವನು ತೂಕಕ್ಕೆ ಎರಡು ಹೆಚ್ಚಿಗೆ ಹಾಕುತ್ತಾನೆ, ಕನಿಕರಕ್ಕೆ.

ಜಿಪುಣರು ಅನ್ನುವಂತಿಲ್ಲ. ಬಿತ್ತನೆಗೆಂದು ಕೇಳಿದವರಿಗೆ ಧಾರಾಳವಾಗಿ ಕೊಡುತ್ತಾರೆ. ಕಳೆದ ಕಾರ್ತೀಕದಲ್ಲಿ ಎದುರುಮನೆಯವರಿಗೆ ಕಾಗದದ ಪೊಟ್ಟಣದಲ್ಲಿ ಆಯ್ದ ಇಪ್ಪತ್ತೈದು ಗೆಡ್ಡೆ, ಜೊತೆಗೆ ನಾಟಿ ಕ್ರಮ ಬರೆದ ಎರಡು ಹಾಳೆ ಕೊಟ್ಟರು. ವಾರ ಬಿಟ್ಟು ಗೇಟಿನ ಬಳಿ ಸಿಕ್ಕಾಗ ಕಾತರದಿಂದ ವಿಚಾರಿಸಿದರು, ‘ಹೇಗೆ ಬಂತು?’

‘ಬಹಳ ಚೆನ್ನಾಗಿ ಬಂತು ಸಾರ್. ಹತ್ತು ಜನ ನೆಂಟರಿದ್ರು ನೋಡಿ, ಇಡ್ಲಿ ಮುಗಿಯೋ ಮುಂಚೆ ಸಾಂಬಾರ್ ಖಾಲಿ. ಇನ್ನೊಂದೈವತ್ತು ಇದ್ರೆ ಕೊಡಿ.’