ಅಪಠಿತ ಮೀಮಾಂಸೆ

ಯುರೋಪಿನ ಮಧ್ಯಯುಗದ ಚರ್ಚ್ ದಫ್ತರಗಳನ್ನು ಅಚ್ಚು ಹಾಕಿದ ಹಳೆಯ ಗ್ರಂಥಗಳನ್ನು ಹುಡುಕಿ ಕೂಡಿಡುವ ವಿದ್ಯೆಗೆ ಒಂದು ಶಾಸ್ತ್ರವಿಲ್ಲದಿರುವುದು ವಿದ್ವಲ್ಲೋಕಕ್ಕೆ ಶೋಭೆಯಲ್ಲ. ಗಜಶಾಸ್ತ್ರವಿದೆ, ಅಶ್ವಶಾಸ್ತ್ರವಿದೆ, ಹಲ್ಲಿ ಯಾವ ಭುಜದ ಮೇಲೆ ಬಿದ್ದರೆ ಏನು ಫಲವೆಂದು ತಿಳಿಸುವ ಶಾಸ್ತ್ರವೂ ಪಂಚಾಂಗದ ಹಿಂಬದಿಯಲ್ಲಿದೆ. ಆ ಕೊರತೆ ನೀಗಿಸಲು ಪ್ರಕೃತ ಪ್ರಬಂಧ. ಪ್ರಥಮ ಸೂತ್ರ: ಓದಿದ್ದು ಅಗ್ಗ, ಓದದ್ದು ದುಬಾರಿ.

ಇದಕ್ಕೆ ಭಾಷ್ಯ. ಬಿಷಪ್ಪರ ಕಚೇರಿಯ ಲ್ಯಾಟಿನ್ ಕಡತಗಳನ್ನು ಅಚ್ಚಿಗೆ ತರುವ ಉಮೇದು ಇಂಗ್ಲೆಂಡಿನವರಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಜೋರಾಗಿ ಹತ್ತಿತು. 1834ರಲ್ಲಿ ಡರ್ಹಮ್‌ನಲ್ಲಿ ಸರ್ಟೀಸ್ ಸೊಸೈಟಿ ಹುಟ್ಟಿತು. 1904ರಲ್ಲಿ ಬಿಷಪ್ಪರ ದಫ್ತರಗಳಿಗೆಂದೇ ಕ್ಯಾಂಟರ್ಬರಿ ಅಂಡ್ ಯಾರ್ಕ್ ಸೊಸೈಟಿ. ಚಂದಾ ಕಟ್ಟಿದವರ ಮನೆಗೆ ಸಂಪುಟ ಬರುತ್ತಿತ್ತು. ಓದಲೇಬೇಕೆಂಬ ಷರತ್ತು ಯಾವ ಸೊಸೈಟಿಯೂ ಹಾಕಲಿಲ್ಲ. ಆ ಕಾಲದ ಎಷ್ಟೋ ಪುಸ್ತಕಗಳು ಮಡಿಕೆ ಬಿಡಿಸದೆಯೇ ಮಾರಾಟವಾಗುತ್ತಿದ್ದವು. ದೊಡ್ಡ ಹಾಳೆಯ ಮೇಲೆ ಅಚ್ಚು ಮಾಡಿ, ಮಡಿಸಿ, ಹೊಲಿದು ಕೊಡುವುದಷ್ಟೇ ಪ್ರಕಾಶಕರ ಕೆಲಸ. ತಲೆಯ ಕಡೆ, ಅಂಚಿನ ಕಡೆ ಕೂಡಿಕೊಂಡ ಪುಟಗಳನ್ನು ಓದುವವನೇ ಚಾಕು ಹಿಡಿದು ಬಿಡಿಸಿಕೊಳ್ಳಬೇಕು. ನೂರು ವರ್ಷ ಕಳೆದರೂ ಮಡಿಕೆ ಹಾಗೆಯೇ ಇದೆಯೆಂದರೆ ಅರ್ಥವೇನು? ಮೂರು ತಲೆಮಾರು ಆ ಗ್ರಂಥವನ್ನು ಓದಿಲ್ಲವೆಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಯಾವ ನ್ಯಾಯಾಲಯದಲ್ಲೂ ಸಿಗದು. ಹಳೆಪುಸ್ತಕದ ವ್ಯಾಪಾರಿ ತನ್ನ ಕ್ಯಾಟಲಾಗಿನಲ್ಲಿ ಈ ಸಂಗತಿಯನ್ನು ಬಿಡದೆ ನಮೂದಿಸುತ್ತಾನೆ.

ಸಂಗ್ರಾಹಕನೂ ಮನುಷ್ಯನೇ, ಒಳಗೇನಿದೆಯೆಂಬ ಕುತೂಹಲ ಅವನನ್ನೂ ಕಾಡದಿರದು. ಅದಕ್ಕೆ ಶಾಸ್ತ್ರಸಮ್ಮತ ಆಸನವೊಂದಿದೆ. ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕೂಡಿಕೊಂಡ ಹಾಳೆಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಬ್ಬಿಸಿ, ಒಂದು ಕಣ್ಣು ಮುಚ್ಚಿ, ಕೆಳಗಿನಿಂದ ಕೊಳವೆಯೊಳಗೆ ಇಣುಕಬೇಕು. ಉಸಿರು ಬಿಗಿಹಿಡಿದರೆ ನಾಲ್ಕು ಸಾಲು ಕಾಣುತ್ತವೆ, ಪುಸ್ತಕದ ಬೆನ್ನಿನ ಪಕ್ಕದ ಪದಗಳು ಮಾತ್ರ ಕಾಣವು. ಆ ನಾಲ್ಕು ಸಾಲೂ ಲ್ಯಾಟಿನ್ನಿನಲ್ಲಿರುವುದರಿಂದ ಗ್ರಂಥದ ಕನ್ಯತ್ವಕ್ಕೆ ಧಕ್ಕೆಯಿಲ್ಲವೆಂದು ಒಂದು ಪಂಥದವರ ವಾದ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: 'ಬಿಡಿ ಸ್ವಾಮಿ, ಆ ಪುಸ್ತಕಗಳಲ್ಲಿ ಇರುವುದಾದರೂ ಏನು? ಯಾವ ಚರ್ಚಿಗೆ ಯಾವ ಪಾದ್ರಿ, ಯಾವ ಹೊಲಕ್ಕೆ ಎಷ್ಟು ಕಂದಾಯ. ಓದಿದರೂ ನಷ್ಟವಿಲ್ಲ, ಬಿಟ್ಟರೂ ನಷ್ಟವಿಲ್ಲ.'

ಈತ ಓಡ್ ರಿಗೋನ ಹೆಸರು ಕೇಳಿಲ್ಲ. ನಾರ್ಮಂಡಿಯ ರೂಆನ್ ನಗರದ ಈ ಆರ್ಚ್‌ಬಿಷಪ್ 1248ರಿಂದ 1269ರವರೆಗೆ ಊರೂರು, ಮಠಮಠ ತಪಾಸಣೆ ಮಾಡಿ ಕಂಡದ್ದನ್ನೆಲ್ಲ ಬರೆಸಿದ. ಪಾದ್ರಿಯೊಬ್ಬ ಕುಡಿದು ಹೆಂಡದಂಗಡಿಯಲ್ಲಿ ಮೈಮೇಲಿನ ಬಟ್ಟೆ ಕಳೆದುಕೊಂಡು ಬರುತ್ತಾನೆ ಎಂದು ಬರೆಸಿದ. 1250ರಲ್ಲಿ ಎವ್ರೊ ಪಟ್ಟಣದ ಸನ್ಯಾಸಿನಿಯರು ನಾಯಿಮರಿ, ಅಳಿಲು, ಹಕ್ಕಿ ಸಾಕಿಕೊಂಡಿದ್ದಾರೆ, ಅವನ್ನು ಹೊರಗೆ ಹಾಕತಕ್ಕದ್ದು ಎಂದು ಬರೆಸಿದ. ಇಷ್ಟೆಲ್ಲ 1852ರಲ್ಲಿ ರೂಆನ್‌ನಲ್ಲಿ ಅಚ್ಚಾಯಿತು. ಯಾರ್ಕಿನ ಆರ್ಚ್‌ಬಿಷಪ್ ಮೆಲ್ಟನ್‌ನ ದಫ್ತರದಲ್ಲಂತೂ 1318ರ ಜೋನ್ ಎಂಬ ಸನ್ಯಾಸಿನಿ ಇದ್ದಾಳೆ. ಮಠ ಬಿಡಬೇಕೆನಿಸಿ ಕಾಯಿಲೆಯ ನಾಟಕವಾಡಿ, ತನ್ನದೇ ಆಕಾರದ ಬೊಂಬೆ ಮಾಡಿ, ಗೆಳತಿಯರ ಸಹಾಯದಿಂದ ಅದನ್ನು ಮಣ್ಣು ಮಾಡಿಸಿ ಪರಾರಿಯಾದವಳು. ಆಕೆಯನ್ನು ಹಿಡಿದು ಕಳಿಸಿ ಎಂಬ ಪತ್ರದ ಪ್ರತಿ ಪಾದ್ರಿ ನೇಮಕಾತಿ, ಜಮೀನಿನ ತಕರಾರುಗಳ ನಡುವೆ ತಣ್ಣಗೆ ಕೂತಿದೆ. ಮಡಿಕೆ ಬಿಡಿಸಿದವನಿಗೆ ಇವೆಲ್ಲ ಸಿಗುತ್ತವೆ. ಪುಸ್ತಕದ ಬೆಲೆ ಮಾತ್ರ ಬಿದ್ದುಹೋಗುತ್ತದೆ. ಪೂರ್ವಪಕ್ಷ ಹೀಗೆ ಖಂಡಿತವಾಯಿತು.

ದ್ವಿತೀಯ ಸೂತ್ರ: ನಾಶವಿಲ್ಲದೆ ವಿರಳತೆಯಿಲ್ಲ. ಎಂಟನೇ ಹೆನ್ರಿ 1536ರಿಂದ 1540ರೊಳಗೆ ಇಂಗ್ಲೆಂಡಿನ ಮಠಗಳನ್ನು ಮುಚ್ಚಿಸಿ ನಮ್ಮ ಶಾಸ್ತ್ರಕ್ಕೆ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಮಠದ ಹಸ್ತಪ್ರತಿಗಳನ್ನು ಕೊಂಡವರು ಅವುಗಳಿಂದ ಮೇಣದಬತ್ತಿಯ ಕಂಬ ತಿಕ್ಕಿದರು, ಬೂಟು ಒರೆಸಿದರು, ಉಳಿದದ್ದನ್ನು ದಿನಸಿಯವರಿಗೂ ಸಾಬೂನಿನವರಿಗೂ ಮಾರಿದರು ಎಂದು ಆ ಕಾಲದ ಲೇಖಕ ಜಾನ್ ಬೇಲ್ 1549ರಲ್ಲಿ ಗೋಳಾಡಿದ. ಬೈಂಡಿಂಗಿನವರ ಪಾಲಾದ ತೊಗಲಿನ ಹಾಳೆಗಳು ಬೇರೆ ಪುಸ್ತಕಗಳ ರಟ್ಟಿನೊಳಗೆ ಸೇರಿಕೊಂಡವು. ಈಗ ಸಂಗ್ರಾಹಕ ಪುಸ್ತಕ ಬಿಟ್ಟು ಆ ರಟ್ಟನ್ನು ನೋಡುತ್ತಾನೆ. ಇನ್ನು ಡರ್ಹಮ್‌ನ ಬಿಷಪ್ ರಿಚರ್ಡ್ ಡಿ ಬರಿ: ಪುಸ್ತಕಪ್ರೇಮದ ಮೇಲೆಯೇ 1345ರಲ್ಲಿ ಗ್ರಂಥ ಬರೆದು ಮುಗಿಸಿ, ಮೂಗು ಸುರಿಸಿಕೊಂಡು ಓದುವ ವಿದ್ಯಾರ್ಥಿಗಳನ್ನು ವಾಚಾಮಗೋಚರ ಬೈದವನು. ಅವನದೇ ಕಚೇರಿಯ ದಫ್ತರದಲ್ಲಿ ಉಳಿದದ್ದು ಚೂರುಪಾರು. 1910ರಲ್ಲಿ ಸರ್ಟೀಸ್ ಸೊಸೈಟಿ ಆ ಚೂರುಗಳನ್ನೇ ಅಚ್ಚು ಮಾಡಿತು. ಇದರಲ್ಲಿ ಮೂಗು ಸುರಿಸುವವರ ಕೈವಾಡ ಎಷ್ಟೆಂಬುದು ಸಂಶೋಧನಾರ್ಹ.

ಶಾಸ್ತ್ರಕ್ಕೆ ಒಬ್ಬ ಮೂಲಪುರುಷ ಬೇಕಷ್ಟೆ. ಆತ ಸರ್ ಥಾಮಸ್ ಫಿಲಿಪ್ಸ್ (1792–1872). ಜಗತ್ತಿನ ಪ್ರತಿಯೊಂದು ಪುಸ್ತಕದ ಒಂದೊಂದು ಪ್ರತಿ ತನ್ನಲ್ಲಿರಬೇಕೆಂಬುದು ಅವನ ಸಂಕಲ್ಪ. ಸಾಯುವ ಹೊತ್ತಿಗೆ ಸುಮಾರು 60,000 ಹಸ್ತಪ್ರತಿ ಸೇರಿದ್ದವು, ಇಂಗ್ಲಿಷ್ ಮಠಗಳ ದಾನಪತ್ರದ ಕಡತಗಳೂ ಅದರಲ್ಲಿದ್ದವು. ಬೆಂಕಿ ಬಿದ್ದರೆ ಹೊತ್ತೊಯ್ಯಲು ಸುಲಭವಾಗಲಿ ಎಂದು ಶವಪೆಟ್ಟಿಗೆಯಂಥ ಪೆಟ್ಟಿಗೆಗಳಲ್ಲಿ ತುಂಬಿಸಿಟ್ಟ. ಪುಸ್ತಕ ಕೊಟ್ಟ ವ್ಯಾಪಾರಿಗಳು ಬಾಕಿ ಹಣ ಸಿಗದೆ ಒದ್ದಾಡಿದರು. 1842ರಲ್ಲಿ ಹಿರಿಮಗಳು ಹೆನ್ರಿಯೆಟಾ ಅಪ್ಪನ ಮಾತು ಮೀರಿ ವಿದ್ವಾಂಸ ಹ್ಯಾಲಿವೆಲ್‌ನನ್ನು ಮದುವೆಯಾದಳು. ಕೇಂಬ್ರಿಜ್‌ನ ಹಸ್ತಪ್ರತಿ ಕದ್ದನೆಂಬ ಆಪಾದನೆ ಹೊತ್ತ ಅಳಿಯ! ಪುಸ್ತಕಕಳ್ಳ ಎಂಬ ಗುಮಾನಿಯ ಅಳಿಯನನ್ನು 60,000 ಹಸ್ತಪ್ರತಿಗಳ ಮಾವ ಮನೆತುಂಬಿಸಿಕೊಳ್ಳಬೇಕೆಂದರೆ ಹೇಗೆ? ಮಾವನಿದ್ದ ಮಿಡ್ಲ್ ಹಿಲ್‌ನ ಮನೆ ವಂಶದ ಕಟ್ಟಳೆಯಂತೆ ಮಗಳಿಗೇ ಹೋಗತಕ್ಕದ್ದು. ತಪ್ಪಿಸಲಾಗದೆ ಫಿಲಿಪ್ಸ್ ಅಲ್ಲಿನ ಮರ ಕಡಿಸಿ, ಮನೆಯನ್ನು ಪಾಳು ಬೀಳಿಸಿ, ನೂರಕ್ಕೂ ಹೆಚ್ಚು ಬಂಡಿಗಳಷ್ಟು ಪುಸ್ತಕ ಹೇರಿಸಿಕೊಂಡು ಚೆಲ್ಟನ್‌ಹ್ಯಾಮ್‌ಗೆ ಹೊರಟುಹೋದ.

ಉಯಿಲನ್ನೂ ಹಾಗೆಯೇ ಬರೆದಿಟ್ಟ. ಚೆಲ್ಟನ್‌ಹ್ಯಾಮ್ ಮನೆಯೊಳಗೆ ಮಗಳು ಬರಕೂಡದು, ಅಳಿಯ ಬರಕೂಡದು, ಯಾವ ರೋಮನ್ ಕ್ಯಾಥೊಲಿಕನೂ ಕಾಲಿಡಕೂಡದು. ಕ್ಯಾಥೊಲಿಕ್ ಮಠಗಳ ಕಡತವನ್ನು ಕ್ಯಾಥೊಲಿಕನ ಕಣ್ಣಿಗೆ ಬೀಳದಂತೆ ಕಾಯುವ ಈ ಏರ್ಪಾಡು ಪ್ರಥಮ ಸೂತ್ರದ ಪರಾಕಾಷ್ಠೆ. ಮನೆ ನಡೆಸಲು ಹಣ ಸಾಲದೆ ವಾರಸುದಾರರು ಸಂಗ್ರಹ ಮಾರಲು ಕೋರ್ಟಿನ ಅಪ್ಪಣೆ ಪಡೆದರು. 1886ರಲ್ಲಿ ಶುರುವಾದ ಹರಾಜು ಇಪ್ಪತ್ತನೇ ಶತಮಾನ ಅರ್ಧ ಕಳೆದರೂ ಮುಗಿಯಲಿಲ್ಲ. ಕೂಗಿದವನು ಯಾವ ಮತದವನೆಂದು ಅಲ್ಲಿ ಯಾರೂ ಕೇಳಲಿಲ್ಲ. ಸುತ್ತಿಗೆ ಬಿದ್ದ ಮೇಲೆ ಚೆಕ್ ಪಾಸಾದರೆ ಸಾಕಿತ್ತು.